ಇಗರ್ಜಿಯೊಳಗಿನ ರಾಕೆಟ್ಟು ಮತ್ತು ಅದಕ್ಕೆ ಜಾಗ ಕೇಳಿದ ಮನುಷ್ಯ

ಎರಡು ತಿಂಗಳ ಹಿಂದೆ ರಾತ್ರಿ ಹತ್ತೂವರೆಗೆ ಊರಿನ ಗೆಳೆಯನೊಬ್ಬನ ವಾಟ್ಸಾಪ್ ಬಂತು. ನವೆಂಬರ್ 21ಕ್ಕೆ ನಮ್ಮ ಕಡೆಯ ನಲವತ್ತು ಪಿಯುಸಿ ಮಕ್ಕಳನ್ನು ಕರ್ಕೊಂಡು ತುಂಬಾದ ಬಾಹ್ಯಾಕಾಶ ಮ್ಯೂಸಿಯಂಗೆ ಹೋಗೋದು, ಅಲ್ಲಿ ಅರ್ಧ ಗಂಟೆಯ ಒಂದು ಸ್ಮರಣೆ ಕಾರ್ಯಕ್ರಮ, ಹತ್ತು ಫಲಕಗಳನ್ನು ಕನ್ನಡದಲ್ಲಿ ಬರೆಯಬೇಕು, ನೀನು ಬರೀತೀಯಾ ಅಂತ. ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವರಿಗೆ ಊರಲ್ಲಿ ಇಂಥ ಕೆಲಸ ತಪ್ಪೋದಿಲ್ಲ. ಒಂದು ಸಂಜೆಯ ಕೆಲಸ ಅಂದ್ಕೊಂಡು ಹ್ಞೂಂ ಅಂದೆ. ಆ ಒಂದು ಸಂಜೆ ಇನ್ನೂ ಮುಗಿದಿಲ್ಲ.

ಮೊದಲ ಸಭೆ ಕಲ್ಯಾಣಪುರ ಸಂತೆಕಟ್ಟೆಯ ಹೋಟೆಲೊಂದರಲ್ಲಿ, ಗೋಳಿಬಜೆ ಮತ್ತು ಚಹಾದ ಜೊತೆ. ಎಂಟು ಜನ ಸ್ವಯಂಸೇವಕರು. ಅದರಲ್ಲಿ ಒಬ್ಬರು ಪೋಷಕರು, ಹೋಗ್ತಿರೋದು ಬಂಟ್ವಾಳದ ತುಂಬೆ ಡ್ಯಾಮಿಗೆ ಅಂತಲೇ ನಂಬಿ ಬಂದಿದ್ದರು. ತಿರುವನಂತಪುರ ಅಂದ ಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಜಗಳ ಶುರುವಾದದ್ದು ಫಲಕಗಳ ವಿಷಯಕ್ಕೆ. ನಿವೃತ್ತ ಮಾಷ್ಟ್ರೊಬ್ಬರು ಇದ್ದರು. ಉಡುಪಿಯಿಂದ ಹೋಗ್ತಾ ಇದ್ದೇವೆ, ಹತ್ತಕ್ಕೆ ಹತ್ತೂ ನಮ್ಮ ಅದಮಾರಿನ ಯು.ಆರ್. ರಾವ್ ಅವರದ್ದೇ ಆಗಬೇಕು, ಗುಜರಾತಿನವರ ಕತೆ ನಮಗ್ಯಾಕೆ ಮಾರಾಯಾ ಅಂತ ಅವರ ವಾದ. ಅವರ ಅಭಿಮಾನ ನನಗೆ ಅರ್ಥ ಆಗ್ತದೆ. ಅದಮಾರಿನಲ್ಲಿ ಹುಟ್ಟಿ, ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಲ್ಲಿ ಓದಿ, ದೇಶದ ಮೊದಲ ಉಪಗ್ರಹ ಕಟ್ಟಿಸಿದವರು ನಮ್ಮೂರಿನವರು ಅನ್ನೋದು ಸಣ್ಣ ಮಾತಲ್ಲ. ಆದರೆ ನವೆಂಬರ್ 21 ರಾವ್ ಅವರ ದಿನ ಅಲ್ಲ. 1963ರ ಆ ಸಂಜೆ ತುಂಬಾದಿಂದ ಮೊದಲ ರಾಕೆಟ್ ಹಾರಿದಾಗ ರಾವ್ ಅಮೆರಿಕದಲ್ಲಿದ್ದರು. ಆ ದಿನದ ಹಿಂದೆ ಇದ್ದವರು ಅವರ ಗುರು, ವಿಕ್ರಮ್ ಸಾರಾಭಾಯಿ. ಕೊನೆಗೆ ರಾಜಿ ಆಯ್ತು. ಸಾರಾಭಾಯಿಗೆ ಆರು, ರಾವ್ ಅವರಿಗೆ ಮೂರು. ಹತ್ತನೆಯದು ಏನು ಅಂತ ಆ ದಿನ ತೀರ್ಮಾನ ಆಗಲಿಲ್ಲ. ಅದರ ವಿಷಯಕ್ಕೆ ಆಮೇಲೆ ಬರ್ತೇನೆ.

ಬರೆಯೋಕೆ ಕೂತಾಗ ಗೊತ್ತಾದದ್ದು, ಸಾರಾಭಾಯಿ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ ಸಾಲು. ಭಾರತದ ಬಾಹ್ಯಾಕಾಶ ಯೋಜನೆಯ ಪಿತಾಮಹ. ಕಾಲೇಜಿನ ಸ್ಲೈಡಿನಲ್ಲಿ ಅದೇ ಇತ್ತು, ಕ್ವಿಜ್‌ನಲ್ಲೂ ಅದೇ. ಚಂದ್ರನ ಮೇಲೆ ಇಳಿಯೋಕೆ ಹೋದ ಲ್ಯಾಂಡರಿಗೆ ವಿಕ್ರಮ್ ಅಂತ ಹೆಸರಿಟ್ಟದ್ದು ಅವರ ನೆನಪಿಗೆ ಅನ್ನೋದು ಇನ್ನೊಂದು. ಪಿತಾಮಹ ಅಂದ ಕೂಡಲೇ ಮಕ್ಕಳ ತಲೆಯಲ್ಲಿ ಬಿಳಿ ಕೋಟು ಹಾಕಿಕೊಂಡು ರಾಕೆಟ್ಟಿನ ನಟ್ಟು ಬಿಗಿಯೋ ಮನುಷ್ಯ ಬರ್ತಾನೆ. ಸಾರಾಭಾಯಿ ಅಂಥವರಲ್ಲ. ರಾಕೆಟ್ ಇಂಜಿನಿಯರಿಂಗ್ ಅವರ ವಿಷಯವೇ ಆಗಿರಲಿಲ್ಲ. ಅವರು ಆಕಾಶದಿಂದ ಬರುವ ಕಿರಣಗಳನ್ನು ಎಣಿಸುವ ಭೌತವಿಜ್ಞಾನಿ, ಮಿಲ್ಲು ಮಾಲೀಕರ ಮಗ.

ಅವರು ಹುಟ್ಟಿದ್ದು 1919ರ ಆಗಸ್ಟ್ 12ರಂದು, ಅಹಮದಾಬಾದಿನಲ್ಲಿ. ತಂದೆ ಅಂಬಾಲಾಲ್ ಸಾರಾಭಾಯಿ, ಕ್ಯಾಲಿಕೋ ಮಿಲ್ಲಿನ ಯಜಮಾನರು. ತಾಯಿ ಸರಳಾದೇವಿ. ಎಂಟು ಮಕ್ಕಳ ಮನೆ. ಆ ಮನೆಯನ್ನು ಶ್ರೀಮಂತರ ಮನೆ ಅಂದು ಮುಂದೆ ಹೋದರೆ ಅರ್ಧ ಕತೆ ತಪ್ಪಿ ಹೋಗ್ತದೆ. ವಿಕ್ರಮ್ ಹುಟ್ಟುವ ಹಿಂದಿನ ವರ್ಷ, 1918ರಲ್ಲಿ, ಅಹಮದಾಬಾದಿನ ಮಿಲ್ ಕಾರ್ಮಿಕರು ಕೂಲಿ ಹೆಚ್ಚು ಮಾಡಿ ಅಂತ ಮುಷ್ಕರ ಹೂಡಿದರು. ಮಾಲೀಕರ ಕಡೆ ಮುಂದೆ ನಿಂತವರು ಅಂಬಾಲಾಲ್. ಕಾರ್ಮಿಕರ ಕಡೆ ನಿಂತವರು ಗಾಂಧಿ, ಮತ್ತು ಅಂಬಾಲಾಲರ ಸ್ವಂತ ಅಕ್ಕ ಅನಸೂಯಾ. ಬೀದಿಯಲ್ಲಿ ತಮ್ಮನ ವಿರುದ್ಧ ಹೋರಾಡುವ ಅಕ್ಕ, ಮನೆಯಲ್ಲಿ ಸಂಬಂಧ ಕಡಿದುಕೊಳ್ಳದ ತಮ್ಮ. ಗಾಂಧಿ ಮೇಲೆ ಅಂಬಾಲಾಲರಿಗೂ ಗೌರವ ಇತ್ತು. ದಲಿತ ಕುಟುಂಬವೊಂದನ್ನು ಆಶ್ರಮಕ್ಕೆ ಸೇರಿಸಿಕೊಂಡರು ಅಂತ ದಾನಿಗಳೆಲ್ಲ ಕೈಬಿಟ್ಟಾಗ ಸದ್ದಿಲ್ಲದೆ ಹಣ ಕೊಟ್ಟು ಹೋದವರು ಅವರೇ ಅನ್ನೋದು ಪ್ರಸಿದ್ಧ ಸಂಗತಿ. ಎದುರು ಕಡೆಯವರನ್ನೂ ಮಾತಾಡಿಸಬಹುದು ಅನ್ನೋ ಪಾಠವನ್ನು ವಿಕ್ರಮ್ ಯಾವ ಪುಸ್ತಕದಿಂದಲೂ ಕಲಿಯಬೇಕಾಗಿರಲಿಲ್ಲ.

ಮಕ್ಕಳಿಗಾಗಿ ಮನೆಯಲ್ಲೇ ಶಾಲೆ ತೆರೆದಿದ್ದರು. ಬಂದುಹೋಗುವ ಅತಿಥಿಗಳು ಟಾಗೋರ್, ಗಾಂಧಿ, ನೆಹರೂ, ಸಿ.ವಿ. ರಾಮನ್ ಮಟ್ಟದವರು. ಕೇಂಬ್ರಿಜ್ ಸೇರುವಾಗ ಶಿಫಾರಸು ಪತ್ರ ಬರೆದುಕೊಟ್ಟವರು ಟಾಗೋರ್. ನಮ್ಮಲ್ಲಿ ಡಿಗ್ರಿ ಕಾಲೇಜಿನ ಸೀಟಿಗೆ ಶಾಸಕರ ಪತ್ರ ಹಿಡ್ಕೊಂಡು ಓಡಾಡೋದನ್ನು ನೋಡಿದವರಿಗೆ ಇದು ತಮಾಷೆ ಅನ್ನಿಸಬಹುದು. ಹುಟ್ಟಿನಿಂದ ಸಿಕ್ಕಿದ ಅನುಕೂಲ ಅಂದರೆ ಇದೇ. ಅದನ್ನು ಫಲಕದಲ್ಲಿ ಮುಚ್ಚಿಡಬಾರದು ಅಂತ ನಾನು ಹಟ ಹಿಡಿದೆ. ಅದಮಾರಿನ ಹುಡುಗನಿಗೂ ಶಾಹಿಬಾಗ್‌ನ ಬಂಗಲೆಯ ಹುಡುಗನಿಗೂ ಹತ್ತಬೇಕಾದ ಮೆಟ್ಟಿಲು ಒಂದೇ ಅಂತ ಮಕ್ಕಳಿಗೆ ಸುಳ್ಳು ಹೇಳೋದ್ಯಾಕೆ?

1940ರಲ್ಲಿ ಕೇಂಬ್ರಿಜ್‌ನ ಪದವಿ ಮುಗೀತು. ಮಹಾಯುದ್ಧ ಶುರುವಾಗಿತ್ತು. ಊರಿಗೆ ಬಂದ ಹುಡುಗ ಮುಂದಿನ ಸಂಶೋಧನೆಗೆ ಸೇರಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ರಾಮನ್ ಅವರ ಬಳಿಗೆ. ಕರ್ನಾಟಕಕ್ಕೂ ಸಾರಾಭಾಯಿಗೂ ನಂಟು ಬೆಳೆದದ್ದು ಇಲ್ಲಿ, ಇಸ್ರೋ ಅನ್ನೋ ಹೆಸರು ಹುಟ್ಟೋಕೆ ಸುಮಾರು ಮೂವತ್ತು ವರ್ಷ ಮುಂಚೆ. ವಿಷಯ ವಿಶ್ವಕಿರಣಗಳು, ಅಂದರೆ ಕಾಸ್ಮಿಕ್ ಕಿರಣ. ಹೊರಗಿನ ಆಕಾಶದಿಂದ ಭೂಮಿಯ ಮೇಲೆ ಸದಾ ಬೀಳುವ ಕಣಗಳ ಮಳೆ ಅಂದ್ಕೊಳ್ಳಿ. ಆ ಮಳೆ ಹಗಲು ಎಷ್ಟು, ರಾತ್ರಿ ಎಷ್ಟು, ಬೆಟ್ಟದ ಮೇಲೆ ಎಷ್ಟು, ಬಯಲಲ್ಲಿ ಎಷ್ಟು ಅಂತ ಎಣಿಸೋದು ಕೆಲಸ. 1942ರಲ್ಲಿ ಅವರ ಮೊದಲ ಪ್ರಬಂಧ ಪ್ರಕಟವಾಯ್ತು. ಅಳತೆಗಾಗಿ ಕಾಶ್ಮೀರದ ಎತ್ತರದ ಬೆಟ್ಟಗಳಿಗೂ ಹೋಗಿಬಂದರು. ವಿಜ್ಞಾನದ ಪ್ರಯೋಗಕ್ಕೆ ಸರಿಯಾದ ಜಾಗ ಹುಡುಕಿಕೊಂಡು ಹೋಗಬೇಕು ಅನ್ನೋ ಅಭ್ಯಾಸ ಬಿದ್ದದ್ದು ಆವಾಗಲೇ ಇರಬೇಕು ಅಂತ ನನ್ನ ಅಂದಾಜು. ಮುಂದೆ ತುಂಬಾ ಸಿಕ್ಕಿದ್ದೂ ಅದೇ ಹುಡುಕಾಟದಲ್ಲಿ.

ಬೆಂಗಳೂರಿನ ಆ ದಿನಗಳಲ್ಲಿ ಇನ್ನಿಬ್ಬರು ಸಿಕ್ಕಿದರು. ಒಬ್ಬರು ಹೋಮಿ ಭಾಭಾ, ಯುದ್ಧದಿಂದಾಗಿ ಇಲ್ಲೇ ಉಳಿದುಕೊಂಡಿದ್ದ ಇನ್ನೊಬ್ಬ ಕೇಂಬ್ರಿಜ್ ಪಂಡಿತ. ಇನ್ನೊಬ್ಬರು ಮೃಣಾಲಿನಿ ಸ್ವಾಮಿನಾಥನ್, ನೃತ್ಯ ಕಲಾವಿದೆ, ಮುಂದೆ ಆಜಾದ್ ಹಿಂದ್ ಫೌಜಿನ ಕ್ಯಾಪ್ಟನ್ ಲಕ್ಷ್ಮಿ ಅಂತ ಹೆಸರಾದವರ ತಂಗಿ. 1942ರಲ್ಲಿ ವಿಕ್ರಮ್ ಮೃಣಾಲಿನಿ ಅವರನ್ನು ಮದುವೆಯಾದರು. ಯುದ್ಧ ಮುಗಿದ ಮೇಲೆ ಮತ್ತೆ ಕೇಂಬ್ರಿಜ್‌ಗೆ ಹೋಗಿ 1947ರಲ್ಲಿ ಡಾಕ್ಟರೇಟ್ ಮುಗಿಸಿಕೊಂಡು ಬಂದರು. ವಯಸ್ಸು 28.

ಇಲ್ಲಿಂದ ಅವರ ಬದುಕು ಓಡೋಕೆ ಶುರುವಾಗ್ತದೆ. 1947ರ ನವೆಂಬರಿನಲ್ಲಿ ಅಹಮದಾಬಾದಿನ ಒಂದು ವಿಜ್ಞಾನ ಕಾಲೇಜಿನ ಕೆಲವು ಕೋಣೆಗಳಲ್ಲಿ ಭೌತವಿಜ್ಞಾನ ಸಂಶೋಧನಾಲಯ, ಅಂದರೆ ಪಿಆರ್‌ಎಲ್ ಶುರು ಮಾಡಿದರು. ಅದಕ್ಕೆ ನಿರ್ದೇಶಕರಾಗಿ ತಮಗಿಂತ ತುಂಬ ಹಿರಿಯರಾದ ಹವಾಮಾನ ವಿಜ್ಞಾನಿ ಕೆ.ಆರ್. ರಾಮನಾಥನ್ ಅವರನ್ನು ಕರೆದು ಕೂರಿಸಿದರು. ಸ್ಥಾಪಿಸಿದವರು ತಾವು, ಕುರ್ಚಿ ಬೇರೆಯವರಿಗೆ. ಅದೇ ಹೊತ್ತಿಗೆ ಬಟ್ಟೆ ಗಿರಣಿಗಳಿಗಾಗಿ ಅಟಿರಾ ಅನ್ನೋ ಸಂಶೋಧನಾ ಸಂಸ್ಥೆ ಕಟ್ಟಿದರು. ಅಲ್ಲಿ ಅನುಭವಸ್ಥರಿಗಿಂತ ಹೊಸ ಹುಡುಗರನ್ನೇ ಹೆಚ್ಚು ಸೇರಿಸಿಕೊಂಡರಂತೆ. ಹಳೆಯ ಮಿಲ್ಲಿನ ರೂಢಿ ಗೊತ್ತಿಲ್ಲದವರಾದರೆ ಪ್ರಶ್ನೆ ಕೇಳ್ತಾರೆ ಅನ್ನೋ ಲೆಕ್ಕ. 1961ರಲ್ಲಿ ಅಹಮದಾಬಾದಿನ ಐಐಎಂ ಆಯ್ತು. ಮನೆತನದ ಔಷಧ ಕಂಪನಿಯ ಜವಾಬ್ದಾರಿ ಬೇರೆ ಇತ್ತು. ಈ ಪಟ್ಟಿಯನ್ನು ನಾನು ಫಲಕದಲ್ಲಿ ಮೂರೇ ಸಾಲಿಗೆ ಇಳಿಸಿದ್ದೇನೆ. ಸಂಸ್ಥೆಗಳ ಹೆಸರು ಓದ್ತಾ ನಿಲ್ಲುವ ಹದಿನೇಳರ ಮಕ್ಕಳನ್ನು ನಾನಂತೂ ನೋಡಿಲ್ಲ.

ಪಿಆರ್‌ಎಲ್‌ಗೆ ಪಿಎಚ್‌ಡಿ ಮಾಡೋಕೆ ಬಂದ ಹುಡುಗರಲ್ಲಿ ಒಬ್ಬರು ನಮ್ಮ ರಾಮಚಂದ್ರ ರಾವ್. ಬಳ್ಳಾರಿ, ಅನಂತಪುರ, ಬನಾರಸ್ ಸುತ್ತಿ ಬಂದಿದ್ದರು. ಗುರುವಿನಿಂದ ಅದೇ ವಿಶ್ವಕಿರಣದ ವಿಷಯ ತಗೊಂಡು, ಮುಂದೆ ಅಮೆರಿಕಕ್ಕೆ ಹೋಗಿ ಅಲ್ಲಿನ ಪಯೋನಿಯರ್, ಎಕ್ಸ್‌ಪ್ಲೋರರ್ ನೌಕೆಗಳ ಪ್ರಯೋಗಗಳಲ್ಲಿ ಪಳಗಿದರು. 1966ರಲ್ಲಿ ವಾಪಸ್ ಬಂದದ್ದೂ ಪಿಆರ್‌ಎಲ್‌ಗೇ. ಉಪಗ್ರಹ ಕಟ್ಟಿದ ಅನುಭವದ ಹತ್ತಿರಕ್ಕೆ ಹೋಗಿಬಂದವರು ಆಗ ದೇಶದಲ್ಲಿ ಬೆರಳೆಣಿಕೆ. ಉಪಗ್ರಹಕ್ಕೆ ಒಂದು ಯೋಜನೆ ಮಾಡು ಅಂತ ಸಾರಾಭಾಯಿ ಅವರಿಗೇ ವಹಿಸಿದರು. ಮಾಷ್ಟ್ರಿಗೆ ಇದನ್ನು ತೋರಿಸಿದ ಮೇಲೆ ಸಾರಾಭಾಯಿ ಮೇಲಿನ ಅವರ ಸಿಟ್ಟು ಕಡಿಮೆಯಾಯ್ತು.

ಈಗ ತುಂಬಾ. ಆಕಾಶಕ್ಕೆ ಬಲೂನು ಕಳಿಸಿದರೆ ಅದು ಸುಮಾರು 40 ಕಿಲೋಮೀಟರಿನ ಒಳಗೇ ನಿಲ್ತದೆ. ಉಪಗ್ರಹ ಸುತ್ತಬೇಕಾದರೆ ಹೆಚ್ಚುಕಡಿಮೆ 200 ಕಿಲೋಮೀಟರಿಗಿಂತ ಮೇಲೆ ಇರಬೇಕು. ನಡುವಿನ ಪದರವನ್ನು ಅಲ್ಲಿಗೇ ಹೋಗಿ ಅಳೆಯಬೇಕಾದರೆ ಸಣ್ಣ ರಾಕೆಟ್ಟೇ ಗತಿ, ಮೇಲೆ ಹೋಗಿ ಕೆಲವು ನಿಮಿಷದಲ್ಲಿ ಕೆಳಗೆ ಬೀಳುವಂಥದ್ದು. ಆ ನಡುವಿನಲ್ಲಿ, ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ಕಾಂತೀಯ ಸಮಭಾಜಕದ ಮೇಲೆ ಒಂದು ವಿದ್ಯುತ್ ಪ್ರವಾಹ ಹರೀತದೆ, ಹಗಲು ಹೊತ್ತಿನ ಅದೃಶ್ಯ ನದಿಯ ಹಾಗೆ. ಈ ಕಾಂತೀಯ ಸಮಭಾಜಕ, ನಕ್ಷೆಯಲ್ಲಿ ನಾವು ನೋಡುವ ಸಮಭಾಜಕ ವೃತ್ತ ಅಲ್ಲ. ಅದು ಕೇರಳದ ದಕ್ಷಿಣ ತುದಿಯ ಹತ್ತಿರ ಹಾದುಹೋಗ್ತಿತ್ತು. ಜಗತ್ತಿನ ವಿಜ್ಞಾನಿಗಳಿಗೆ ಅಂಥ ಜಾಗ ಬೇಕಿತ್ತು. ಭಾರತದ ಹತ್ತಿರ ರಾಕೆಟ್ ಇರಲಿಲ್ಲ, ಜಾಗ ಇತ್ತು. 1962ರಲ್ಲಿ ಭಾಭಾ ಅವರ ಬೆಂಬಲದಿಂದ ಬಾಹ್ಯಾಕಾಶ ಸಂಶೋಧನೆಗೆ ಒಂದು ರಾಷ್ಟ್ರೀಯ ಸಮಿತಿ ಆಯ್ತು. ಅದಕ್ಕೆ ಅಧ್ಯಕ್ಷರು ಸಾರಾಭಾಯಿ.

ಹುಡುಕಿದ ಜಾಗದಲ್ಲಿ ಜನ ಇದ್ದರು. ಮೀನುಗಾರರ ಹಳ್ಳಿ, ತೆಂಗಿನ ತೋಟ, ಮಧ್ಯದಲ್ಲಿ ಮರಿಯಾ ಮಗ್ದಲೇನಾಳ ಹೆಸರಿನ ಇಗರ್ಜಿ, ಪಕ್ಕದಲ್ಲಿ ಬಿಷಪರ ಮನೆ, ಶಾಲೆ. ಸಾರಾಭಾಯಿ ಬಿಷಪ್ ಪೀಟರ್ ಬರ್ನಾರ್ಡ್ ಪಿರೇರಾ ಅವರನ್ನು ನೋಡೋಕೆ ಹೋದರು. ಮುಂದಿನದು ಅಬ್ದುಲ್ ಕಲಾಂ ಹೇಳ್ತಿದ್ದ ಕತೆ. ಬಿಷಪರು ಕೂಡಲೇ ಉತ್ತರ ಕೊಡಲಿಲ್ಲ, ಭಾನುವಾರದ ಪೂಜೆಗೆ ಬನ್ನಿ ಅಂದರು. ಆ ದಿನ ಸೇರಿದ್ದ ಜನರ ಮುಂದೆ ವಿಷಯ ಇಟ್ಟರು. ದೇವರ ಮನೆ, ನನ್ನ ಮನೆ, ನಿಮ್ಮ ಮನೆ ವಿಜ್ಞಾನಕ್ಕೆ ಕೊಡೋಣವೇ ಅಂತ ಕೇಳಿದರು. ಜನ ಆಮೆನ್ ಅಂದರು. ಸುಮಾರು 600 ಎಕರೆ ನೆಲ ಹೀಗೆ ರಾಕೆಟ್ ಕೇಂದ್ರದ್ದಾಯ್ತು. ಜನ ಹೊಸ ಜಾಗಕ್ಕೆ ಹೋದರು, ಅಲ್ಲಿ ಹೊಸ ಇಗರ್ಜಿ ಕಟ್ಟಲಾಯ್ತು. ಹಳೆಯ ಇಗರ್ಜಿ ಕೆಡವಲಿಲ್ಲ. ಅದು ಕಚೇರಿಯೂ ಪ್ರಯೋಗಾಲಯವೂ ಆಯ್ತು. ಈಗ ಮ್ಯೂಸಿಯಂ.

ಅಲ್ಲಿಗೆ ಬಂದು ಸೇರಿದ ಯುವ ಇಂಜಿನಿಯರ್‌ಗಳು ಅಮೆರಿಕದ ವಾಲೊಪ್ಸ್ ದ್ವೀಪದಲ್ಲಿ ತರಬೇತಿ ಪಡೆದು ಬಂದವರು. ಕಲಾಂ ಅವರಲ್ಲಿ ಒಬ್ಬರು, ಆರ್. ಅರವಮುದನ್ ಇನ್ನೊಬ್ಬರು. ಕೇಂದ್ರದಲ್ಲಿ ಕ್ಯಾಂಟೀನ್ ಇರಲಿಲ್ಲ, ಊಟಕ್ಕೆ ತಿರುವನಂತಪುರದ ರೈಲ್ವೆ ನಿಲ್ದಾಣವೇ ಗತಿ. ಇಗರ್ಜಿಯ ಮಾಡಿನಲ್ಲಿ ಪಾರಿವಾಳಗಳು. ರಾಕೆಟ್ಟಿನ ಮೂಗಿನ ಭಾಗವನ್ನು ಸೈಕಲ್ಲಿನ ಹಿಂದೆ ಇಟ್ಟು ತಳ್ಳಿಕೊಂಡು ಹೋಗುವ ಚಿತ್ರವೊಂದಿದೆಯಲ್ಲ, ಅದನ್ನು ತೆಗೆದದ್ದು ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಕಾರ್ತಿಯೇ ಬ್ರೆಸೋಂ, 1966ರಲ್ಲಿ. ನಾವು ಅದನ್ನು ಬಡತನದ ಹೆಮ್ಮೆಯಾಗಿ ಫಾರ್ವರ್ಡ್ ಮಾಡ್ತೇವೆ. ಪಕ್ಕದ ಶೆಡ್ಡಿಗೆ ಒಯ್ಯೋಕೆ ಸೈಕಲ್ ಸಾಕಾಗಿತ್ತು, ಒಯ್ದರು, ಅಷ್ಟೇ ಇರಬಹುದು.

1963ರ ನವೆಂಬರ್ 21ರ ಸಂಜೆ. ರಾಕೆಟ್ ಅಮೆರಿಕದ ನೈಕ್ ಅಪಾಚೆ. ಅದರ ತಲೆಯೊಳಗೆ ಇದ್ದ ಸೋಡಿಯಂ ಆವಿಯ ಸಲಕರಣೆ ಫ್ರಾನ್ಸಿನದು. ಎತ್ತುವ ಕ್ರೇನಿನ ಹೈಡ್ರಾಲಿಕ್ಸ್ ಸೋರೋಕೆ ಶುರುವಾಗಿ, ಕೊನೆಗೆ ಜನರೇ ಕೈಕೊಟ್ಟು ರಾಕೆಟ್ಟನ್ನು ಅದರ ಜಾಗಕ್ಕೆ ಕೂರಿಸಬೇಕಾಯ್ತು. ಸೂರ್ಯ ಮುಳುಗಿದ ಮೇಲೆ ಹಾರಿಸಿದ್ದಕ್ಕೆ ಕಾರಣ ಇದೆ. ನೆಲದಲ್ಲಿ ಕತ್ತಲಾದರೂ ಮೇಲಿನ ಆಕಾಶಕ್ಕೆ ಇನ್ನೂ ಬಿಸಿಲು ಬೀಳ್ತಿರ್ತದೆ. ಆ ಬಿಸಿಲಲ್ಲಿ ಸೋಡಿಯಂ ಮೋಡ ಕಿತ್ತಳೆ ಬಣ್ಣದಲ್ಲಿ ಹೊಳೆದು, ಗಾಳಿ ಎತ್ತ ಬೀಸ್ತಿದೆ ಅಂತ ಅದರ ಚಲನೆಯಿಂದ ಅಳೆಯಬಹುದು. ಕೇರಳದಲ್ಲೂ ತಮಿಳುನಾಡಿನಲ್ಲೂ ಜನ ಅಂಗಳಕ್ಕೆ ಬಂದು ನೋಡಿದರು. ಮರುದಿನ ಕೆನಡಿ ಹತ್ಯೆಯಾಯ್ತು. ಆಮೇಲೆ ಜಗತ್ತಿನ ಪತ್ರಿಕೆಗಳಲ್ಲಿ ಬೇರೆ ಯಾವ ಸುದ್ದಿಗೂ ಜಾಗ ಇರಲಿಲ್ಲ.

ಅಮೆರಿಕದ ರಾಕೆಟ್, ಫ್ರಾನ್ಸಿನ ಸಲಕರಣೆ. ಮುಂದೆ ಸೋವಿಯತ್ ಒಕ್ಕೂಟದಿಂದ ಕಂಪ್ಯೂಟರ್, ಹೆಲಿಕಾಪ್ಟರ್. ಶೀತಲ ಸಮರದ ನಡುವೆ ಪರಸ್ಪರ ಮುಖ ನೋಡದವರೆಲ್ಲ ಒಂದು ಮೀನುಗಾರ ಹಳ್ಳಿಯಲ್ಲಿ ಕೂಡಿದ್ದರು. 1968ರ ಫೆಬ್ರವರಿ 2ರಂದು ಇಂದಿರಾ ಗಾಂಧಿ ಆ ಕೇಂದ್ರವನ್ನು ವಿಶ್ವಸಂಸ್ಥೆಗೆ ಅರ್ಪಿಸಿದರು. ಇಷ್ಟರಲ್ಲಿ, 1967ರ ನವೆಂಬರಿನಲ್ಲಿ, ನಮ್ಮದೇ ರೋಹಿಣಿ ರಾಕೆಟ್ ಹಾರಿತ್ತು. ಅಡ್ಡಳತೆ 75 ಮಿಲಿಮೀಟರ್. ಒಂದು ಅಂಗೈಯಗಲ ಅಂತ ಮಕ್ಕಳಿಗೆ ಕೈ ಚಾಚಿ ತೋರಿಸಬೇಕು ಅಂದ್ಕೊಂಡಿದ್ದೇನೆ.

1966ರ ಜನವರಿಯಲ್ಲಿ ಭಾಭಾ ಅವರ ವಿಮಾನ ಆಲ್ಪ್ಸ್ ಬೆಟ್ಟಕ್ಕೆ ಬಡಿದು ಅವರು ತೀರಿಕೊಂಡರು. ಅಣುಶಕ್ತಿ ಆಯೋಗದ ಅಧ್ಯಕ್ಷತೆ ಸಾರಾಭಾಯಿ ಹೆಗಲಿಗೆ ಬಂತು. ಚೀನಾ 1964ರಲ್ಲೇ ಬಾಂಬು ಸಿಡಿಸಿತ್ತು, ಇಲ್ಲೂ ಬಾಂಬು ಬೇಕು ಅನ್ನುವವರ ದನಿ ಜೋರಾಗಿತ್ತು. ಸಾರಾಭಾಯಿಗೆ ಅದರಲ್ಲಿ ಒಲವಿರಲಿಲ್ಲ, ಅದನ್ನು ಮರೆಮಾಚಲೂ ಇಲ್ಲ. ಇದರಿಂದ ಆಯೋಗದ ಒಳಗೇ ಅವರಿಗೆ ವಿರೋಧಿಗಳಿದ್ದರು. ಈಗಿನ ಕಾಲದಲ್ಲಿ ಅವರನ್ನು ಬರೀ ರಾಷ್ಟ್ರದ ಶಕ್ತಿಯ ಲಾಂಛನ ಮಾಡಿ ವೇದಿಕೆ ಮೇಲೆ ಇಡುವವರಿಗೆ ಈ ಭಾಗ ಬೇಡ. ನಮ್ಮ ಐದನೇ ಫಲಕದಲ್ಲಿ ಇದೆ.

1969ರ ಆಗಸ್ಟ್ 15ಕ್ಕೆ ಇಸ್ರೋ ಹುಟ್ಟಿತು. ಬಡ ದೇಶಕ್ಕೆ ಬಾಹ್ಯಾಕಾಶ ಯಾಕೆ ಅನ್ನೋ ಪ್ರಶ್ನೆಗೆ ಅವರ ಹತ್ತಿರ ಒಂದು ಉತ್ತರ ಇತ್ತು, ಅದು ಹಳ್ಳಿಯ ಟಿವಿ. ಊರೂರಿಗೆ ಗೋಪುರ ಕಟ್ಟಿ ಟಿವಿ ತರೋಕೆ ದಶಕಗಳು ಬೇಕು, ಉಪಗ್ರಹದಿಂದಾದರೆ ಕೃಷಿ, ಆರೋಗ್ಯ, ಶಾಲೆಯ ಪಾಠ ನೇರ ಹಳ್ಳಿಗೆ ಇಳೀತದೆ ಅನ್ನೋದು ಅವರ ಲೆಕ್ಕ. ಅದೇ ವರ್ಷ ನಾಸಾ ಜೊತೆ ಒಪ್ಪಂದ ಆಯ್ತು. ಸೈಟ್ ಅನ್ನೋ ಆ ಪ್ರಯೋಗ ನಡೆದದ್ದು 1975ರ ಆಗಸ್ಟಿನಿಂದ ಒಂದು ವರ್ಷ, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ. ಕೋಳಿಗೂಡಿನ ತಂತಿಬಲೆಯಿಂದ ಮಾಡಿದ ದೊಡ್ಡ ಆಂಟೆನಾ, ಪಂಚಾಯ್ತಿ ಕಟ್ಟೆಯಲ್ಲೋ ಶಾಲೆಯಲ್ಲೋ ಒಂದು ಟಿವಿ. ಕರ್ನಾಟಕದಲ್ಲಿ ಅದು ಬಂದದ್ದು ಬೆಂಗಳೂರಿಗಲ್ಲ. ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳಿಗೆ, ಕನ್ನಡದಲ್ಲೇ. ರಾಜಧಾನಿಗಿಂತ ಮೊದಲು ಹಳ್ಳಿ ಟಿವಿ ನೋಡಿದ ಇಂಥ ಉದಾಹರಣೆ ಇನ್ನೊಂದು ನನಗಂತೂ ಸಿಕ್ಕಿಲ್ಲ.

ಅದನ್ನು ನೋಡೋಕೆ ಅವರಿರಲಿಲ್ಲ. ಅಣುಶಕ್ತಿ, ಇಸ್ರೋ, ಪಿಆರ್‌ಎಲ್, ಅಹಮದಾಬಾದಿನ ಸಂಸ್ಥೆಗಳು, ಮನೆತನದ ವ್ಯವಹಾರ, ಇಷ್ಟನ್ನೂ ಒಬ್ಬರೇ ಹೊತ್ತಿದ್ದರು. ವಿಮಾನ ನಿಲ್ದಾಣಕ್ಕೆ ಹೋಗುವ ಕಾರಿನಲ್ಲಿ ಒಂದು ಸಭೆ, ವಿಮಾನದಲ್ಲಿ ಇನ್ನೊಂದು ಅನ್ನೋ ರೀತಿ. ಎಲ್ಲರನ್ನೂ ಮಾತಾಡಿಸುವ ಮನುಷ್ಯನಿಗೆ ಇಲ್ಲ ಅನ್ನೋಕೆ ಬರ್ತಿರಲಿಲ್ಲ. ಇದು ಗುಣವೂ ಹೌದು, ದೋಷವೂ ಹೌದು. ಹೀಗೆ ಒಬ್ಬರ ಮೇಲೇ ಎಲ್ಲವನ್ನೂ ಹೇರಿದ ವ್ಯವಸ್ಥೆಯನ್ನು ನಾವು ತ್ಯಾಗ ಅಂತ ಹೊಗಳ್ತೇವೆ, ನನಗದು ಕೆಟ್ಟ ಆಡಳಿತ ಅನ್ನಿಸ್ತದೆ. 1971ರ ಡಿಸೆಂಬರ್ ಕೊನೆಯಲ್ಲಿ ತುಂಬಾದ ಕೆಲಸಕ್ಕೆ ಬಂದವರು ಕೋವಳಂನಲ್ಲಿ ಉಳಿದುಕೊಂಡಿದ್ದರು. 30ರ ಬೆಳಿಗ್ಗೆ ಏಳಲಿಲ್ಲ. ವಯಸ್ಸು 52. ಸಾವಿನ ಬಗ್ಗೆ ಗುಮಾನಿಯ ಕತೆಗಳು ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ. ಮಕ್ಕಳು ಅದನ್ನೇ ಕೇಳೋದು ಖಂಡಿತ. ಸಾಕ್ಷಿ ಇಲ್ಲದ್ದನ್ನು ಫಲಕಕ್ಕೆ ಏರಿಸೋದಿಲ್ಲ ಅಂತ ಎಂಟೂ ಜನ ಒಪ್ಪಿದೆವು. ನಾವು ಒಪ್ಪಿದ ಏಕೈಕ ವಿಷಯ ಅದು.

ಅವರು ಹೋದ ದಿನಕ್ಕೆ ಭಾರತದ ಹತ್ತಿರ ಒಂದು ಉಪಗ್ರಹವೂ ಇರಲಿಲ್ಲ, ಉಪಗ್ರಹ ಹೊತ್ತೊಯ್ಯುವ ರಾಕೆಟ್ಟೂ ಇರಲಿಲ್ಲ. ಇದ್ದದ್ದು ಕೆಲಸ ಗೊತ್ತಿದ್ದ ಒಂದಷ್ಟು ಜನ, ಅವರು ಬರೆದಿಟ್ಟ ಹತ್ತು ವರ್ಷದ ಯೋಜನೆ. ಮುಂದೆ ಬಂದ ಸತೀಶ್ ಧವನ್, ಬೆಂಗಳೂರಿನ ವಿಜ್ಞಾನ ಸಂಸ್ಥೆಯ ನಿರ್ದೇಶಕನಾಗಿಯೂ ಮುಂದುವರೀತೇನೆ, ಇಸ್ರೋ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಲಿ ಅನ್ನೋ ಷರತ್ತಿನ ಮೇಲೆ ಒಪ್ಪಿಕೊಂಡರು. ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ರಾವ್ ಅವರ ತಂಡ 360 ಕಿಲೋ ತೂಕದ ಆರ್ಯಭಟ ಕಟ್ಟಿತು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಕಕ್ಷೆಗೆ ಒಯ್ಯಿತು. ಕೆಲವೇ ದಿನಗಳಲ್ಲಿ ಪ್ರಯೋಗಗಳಿಗೆ ಹೋಗುವ ವಿದ್ಯುತ್ ಕೈಕೊಟ್ಟಿತು ಅನ್ನೋದನ್ನೂ ಬರೆದಿದ್ದೇವೆ. ಮೂರು ಫಲಕ ರಾವ್ ಅವರಿಗೆ ಅಂದದ್ದು ಇದಕ್ಕೆ. ಮಾಷ್ಟ್ರೇ ಕೂತು ಬರೆದರು, ನಾನು ಕಾಗುಣಿತ ಮಾತ್ರ ನೋಡಿದೆ.

ಹತ್ತನೆಯ ಫಲಕಕ್ಕೆ ಬರ್ತೇನೆ. ಎರಡನೇ ಸಭೆಯಲ್ಲಿ ತುಂಬಾದ ಇಗರ್ಜಿಯ ಕತೆ ಓದಿ ಹೇಳಿದೆ. ಬಿಷಪರು, ಭಾನುವಾರ, ಆಮೆನ್. ಎಲ್ಲರಿಗೂ ಇಷ್ಟ ಆಯ್ತು, ಒಬ್ಬರನ್ನು ಬಿಟ್ಟು. ಅವರು ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯ ಹಿರಿಯ ಸದಸ್ಯರು. ತುಂಬ ಹೊತ್ತು ಸುಮ್ಮನಿದ್ದು, ನಾಳೆ ಯಾರಾದರೂ ಬಂದು ನಮ್ಮ ಇಗರ್ಜಿ ಕೇಳಿದರೆ ನಾವು ಆಮೆನ್ ಅನ್ನುತ್ತೇವಾ ಅಂತ ಕೇಳಿದರು. ಯಾರೂ ಮಾತಾಡಲಿಲ್ಲ. ಅದೇ ಇಗರ್ಜಿಯಲ್ಲಿ ದೀಕ್ಷಾಸ್ನಾನ, ಮದುವೆ, ಸಮಾಧಿ, ವರ್ಷಕ್ಕೊಮ್ಮೆ ಹಬ್ಬ. ದುಬೈಯಿಂದ, ಮುಂಬೈಯಿಂದ ಜನ ಅದಕ್ಕಾಗಿ ಬರ್ತಾರೆ. ಮತ್ತೆ ಮೀನುಗಾರನಿಗೆ ದಡ ಅಂದರೆ ವಾಸದ ಮನೆ ಮಾತ್ರ ಅಲ್ಲ, ದೋಣಿ ಎಳೆಯುವ ಜಾಗ, ಬಲೆ ಹರಡುವ ಜಾಗ. ಮಲ್ಪೆಯ ಹತ್ತಿರ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಬ್ಬ ಹುಡುಗ, ಸ್ಮರಣೆ ಕಾರ್ಯಕ್ರಮದಲ್ಲಿ ಬೇಸರದ ವಿಷಯ ಯಾಕೆ ಅಂದ. ಅವನ ಮಾತಿಗೂ ಒಂದು ತೂಕ ಇದೆ. ಆದರೆ ನಾನು ಹಿರಿಯರ ಕಡೆ ನಿಂತೆ. ಪತ್ರಕರ್ತನಾಗಿ ಭೂಸ್ವಾಧೀನದ ಸಭೆಗಳನ್ನು ನೋಡಿದ್ದೇನೆ. ಪೀಠದ ಮೇಲಿಂದ ಬಿಷಪರು ಕೇಳಿದಾಗ ಕೆಳಗೆ ಕೂತವರಿಗೆ ಇಲ್ಲ ಅನ್ನೋದು ಎಷ್ಟು ಸುಲಭ? ಆಮೆನ್ ಕೇಳಿಸಿತು. ಅನ್ನದೆ ಸುಮ್ಮನೆ ಕೂತವರು ಇದ್ದರೋ ಇಲ್ಲವೋ, ಕತೆಯಲ್ಲಿ ಅವರಿಗೆ ಜಾಗ ಇಲ್ಲ. ಇನ್ನೊಂದು ಕಡೆ, ಕಾರವಾರದ ಸೀಬರ್ಡ್ ನೌಕಾನೆಲೆಗೆ ಊರು ಬಿಟ್ಟವರನ್ನು, ಅದಮಾರಿನ ಪಕ್ಕದ ಎಲ್ಲೂರಿನಲ್ಲಿ ವಿದ್ಯುತ್ ಸ್ಥಾವರಕ್ಕೆ ನೆಲ ಕೊಟ್ಟವರನ್ನು ನೆನೆಸಿಕೊಂಡರೆ, ಯೋಜನೆಯ ಮುಖ್ಯಸ್ಥನೇ ಬಾಗಿಲಿಗೆ ಬಂದು ಜಾಗ ಕೊಡ್ತೀರಾ ಅಂತ ಕೇಳಿದ್ದು ಸಣ್ಣ ಸಂಗತಿ ಅಲ್ಲ. ಸಾರಾಭಾಯಿ ಕೇಳಿದರು. ಇದನ್ನೂ ಬರೀಬೇಕು, ಅದನ್ನೂ ಬರೀಬೇಕು.

ಹಾಗಾಗಿ ಹತ್ತನೆಯ ಫಲಕ ಆ ಹಳ್ಳಿಯದು. ಅಲ್ಲಿ ಸಾರಾಭಾಯಿಯ ಚಿತ್ರ ಇಲ್ಲ, ರಾಕೆಟ್ಟಿನ ಚಿತ್ರ ಇಲ್ಲ. ಇಲ್ಲಿ ಒಂದು ಊರಿತ್ತು, ಅವರ ಇಗರ್ಜಿಯೊಳಗೆ ನೀವೀಗ ನಿಂತಿದ್ದೀರಿ ಅನ್ನೋದು ಮೊದಲ ಸಾಲು. ಇದನ್ನು ಮಲಯಾಳಂನಲ್ಲೂ ಹಾಕಬೇಕು ಅಂತ ಹಿರಿಯರ ಆಗ್ರಹ. ಅಲ್ಲಿನವರು ಯಾರಾದರೂ ಬಂದರೆ ಓದಬೇಕಲ್ಲ ಅಂತ. ಕಾಸರಗೋಡು ಕಡೆಯ ಗೆಳತಿಯೊಬ್ಬಳು ಅನುವಾದ ಮಾಡಿಕೊಟ್ಟಿದ್ದಾಳೆ, ಅಚ್ಚಿಗೆ ಹೋಗಿದೆ.

ನೇತ್ರಾವತಿ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಆಗಿದೆ, ನಾಲ್ಕು ಜನರದ್ದು ಇನ್ನೂ ವೇಟಿಂಗ್ ಲಿಸ್ಟಿನಲ್ಲಿದೆ. ಆ ನಾಲ್ಕರಲ್ಲಿ ನಾನೂ ಒಬ್ಬ. ತುಂಬೆ ಡ್ಯಾಮಿಗೆ ಅಂತ ಬಂದಿದ್ದ ಪೋಷಕರು ಈಗ ಊಟದ ಉಸ್ತುವಾರಿ ವಹಿಸಿಕೊಂಡಿದ್ದಾರೆ. ಗುರುತಿನ ಚೀಟಿ ಇಲ್ಲದವರನ್ನು ಒಳಗೆ ಬಿಡೋದಿಲ್ಲ ಅಂತ ಮಕ್ಕಳಿಗೆ ನಿನ್ನೆಯೂ ಹೇಳಿದ್ದೇವೆ, ನಾಳೆಯೂ ಹೇಳಬೇಕು.